ಗಾಲಿಗೆ ಗಾಳಿ ತುಂಬಿದ ಡನ್‌ಲಪ್

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬೆಲ್‌ಫಾಸ್ಟ್ ನಗರದ ಬೀದಿಗಳಿಗೆ ಚಪ್ಪಡಿಗಲ್ಲುಗಳನ್ನು ಹಾಸಿದ್ದರು. ಕಲ್ಲುಗಳ ನಡುವೆ ಸಂದುಗಳಿದ್ದವು. ಅವುಗಳ ಮಧ್ಯೆ ಟ್ರಾಮ್ ಬಂಡಿಯ ಕಬ್ಬಿಣದ ಹಳಿಗಳು ಹಾದುಹೋಗಿದ್ದವು. ಕುದುರೆಗಾಡಿಗಳ ಚಕ್ರಗಳಿಗೆ ಕಬ್ಬಿಣದ ಪಟ್ಟಿಯನ್ನೂ ಸೈಕಲ್ಲುಗಳ ಚಕ್ರಗಳಿಗೆ ಗಟ್ಟಿ ರಬ್ಬರಿನ ಬಳೆಯನ್ನೂ ತೊಡಿಸುತ್ತಿದ್ದರು. ಇಂಥ ವಾಹನವನ್ನೇರಿ ಒಂದು ಮೈಲಿ ಹೋಗಿಬಂದವನಿಗೆ ಮೂಳೆಮೂಳೆಯೂ ಅಲುಗಿದಂತಾಗುತ್ತಿತ್ತು. ಚಕ್ರವೆಂದ ಮೇಲೆ ಕುಲುಕಾಟವೂ ಇರತಕ್ಕದ್ದೇ ಎಂದು ಜನರು ಸುಮ್ಮನಿದ್ದರು. ಸಾವಿರಾರು ವರ್ಷಗಳಿಂದ ನಡೆದುಬಂದಿದ್ದ ಈ ಕಷ್ಟಕ್ಕೆ ಪರಿಹಾರವನ್ನು ಒದಗಿಸಿದವನು ಯಂತ್ರಶಿಲ್ಪಿಯಲ್ಲ, ಬಂಡಿ ಕಟ್ಟುವ ಬಡಗಿಯೂ ಅಲ್ಲ. ಅವನೊಬ್ಬ ಪಶುವೈದ್ಯ. ಅವನ ಹೆಸರು ಜಾನ್ ಬಾಯ್ಡ್ ಡನ್‌ಲಪ್.

ಡನ್‌ಲಪ್ 1840ರ ಫೆಬ್ರವರಿ 5ರಂದು ಸ್ಕಾಟ್ಲೆಂಡಿನ ಏರ್‌ಶೈರ್ ಪ್ರಾಂತದ ಡ್ರೆಗ್‌ಹಾರ್ನ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಅವನದು ಒಕ್ಕಲುತನದ ಮನೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ದೇಹ ದುರ್ಬಲ ಎಂಬ ಭಾವನೆ ಅವನ ವಿಷಯದಲ್ಲಿ ಚಿಕ್ಕಂದಿನಿಂದಲೇ ಬೇರೂರಿತ್ತು. ಅವನೂ ಅದನ್ನು ನಂಬಿ, ಬಾಳಿನುದ್ದಕ್ಕೂ ತನ್ನ ಆರೋಗ್ಯದ ಬಗ್ಗೆ ಅಳುಕಿನಿಂದಲೇ ಇದ್ದನು. ಎಂಬತ್ತೊಂದು ವರ್ಷ ಬದುಕಿದವನ ವಿಷಯದಲ್ಲಿ ಈ ಮಾತು ವಿಚಿತ್ರವಾಗಿ ತೋರಬಹುದು. ಅವನು ಎಡಿನ್‌ಬರೋ ನಗರದಲ್ಲಿ ಪಶುವೈದ್ಯವನ್ನು ಕಲಿತು, ಇನ್ನೂ ಹತ್ತೊಂಬತ್ತು ವರ್ಷದವನಾಗಿದ್ದಾಗಲೇ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಕೆಲವು ವರ್ಷ ಅಲ್ಲಿಯೇ ವೃತ್ತಿಯನ್ನು ನಡೆಸಿ, 1867ರಲ್ಲಿ ಸಮುದ್ರವನ್ನು ದಾಟಿ ಐರ್ಲೆಂಡಿಗೆ ಬಂದನು. ಮೊದಲು ಡೌನ್‌ಪ್ಯಾಟ್ರಿಕ್ ಪಟ್ಟಣದಲ್ಲಿ ಸಹೋದರನಾದ ಜೇಮ್ಸನೊಡನೆ ಚಿಕಿತ್ಸಾಲಯವನ್ನು ತೆರೆದನು. ಅನಂತರ ಬೆಲ್‌ಫಾಸ್ಟಿನ ಮೇ ಸ್ಟ್ರೀಟಿನಲ್ಲಿ ನೆಲೆನಿಂತನು. 1871ರಲ್ಲಿ ಮಾರ್ಗರೆಟ್ ಸ್ಟೀವನ್‌ಸನ್ ಎಂಬವಳೊಡನೆ ಅವನ ವಿವಾಹವಾಯಿತು. ಒಬ್ಬ ಮಗಳು, ಒಬ್ಬ ಮಗ ಹುಟ್ಟಿದರು. 1880ರ ದಶಕದ ನಡುಭಾಗದ ಹೊತ್ತಿಗೆ ಅವನ ಚಿಕಿತ್ಸಾಲಯವು ಐರ್ಲೆಂಡಿನ ದೊಡ್ಡ ಪಶುಚಿಕಿತ್ಸಾಲಯಗಳಲ್ಲಿ ಒಂದೆನಿಸಿತ್ತು. ಉದ್ದನೆಯ ಗಡ್ಡ, ಮಿತವಾದ ಮಾತು, ನಾಚಿಕೆಯ ಸ್ವಭಾವ. ಊರಿನ ಗಾಡಿಕುದುರೆಗಳ ಗೊರಸು, ಕೀಲು, ಭುಜಗಳ ನೋವನ್ನು ದಿನವೂ ಕಾಣುವ ಕಸಬು. ಕಲ್ಲುಬೀದಿಯ ಮೇಲೆ ಭಾರವನ್ನೆಳೆಯುವ ಪ್ರಾಣಿಗೆ ಎಷ್ಟು ಆಯಾಸವಾಗುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವನ ಮಗ ಜಾನಿಗೆ ಮೂರು ಗಾಲಿಯ ಒಂದು ಸೈಕಲ್ಲಿತ್ತು. ಅದರ ಗಟ್ಟಿ ರಬ್ಬರಿನ ಗಾಲಿಗಳು ಕಲ್ಲಿನ ಮೇಲೆ ಕುಟ್ಟಿಕೊಂಡು ಹೋಗುವಾಗ ಹುಡುಗನಿಗೆ ಸುಖವೂ ಇರಲಿಲ್ಲ, ವೇಗವೂ ಬರುತ್ತಿರಲಿಲ್ಲ. ತಂದೆಯು ಇದನ್ನು ಕುರಿತು ಯೋಚಿಸಿದನು. ಚಕ್ರವು ಒಂದು ಸಣ್ಣ ಕಲ್ಲನ್ನು ಹತ್ತಬೇಕಾದಾಗ ವಾಹನದ ಭಾರವೆಲ್ಲವೂ ಮೇಲೆದ್ದು ಮತ್ತೆ ಕೆಳಗೆ ಬೀಳುತ್ತದೆ. ಹೀಗೆ ಎದ್ದುಬೀಳುವುದರಲ್ಲಿ ಸವಾರನ ಶಕ್ತಿ ವ್ಯರ್ಥವಾಗುತ್ತದೆ. ಅದರ ಬದಲು, ಕಲ್ಲು ತಗಲಿದಷ್ಟು ಜಾಗ ಮಾತ್ರ ಒಳಕ್ಕೆ ತಗ್ಗಿ, ಕಲ್ಲು ದಾಟಿದೊಡನೆ ಮೊದಲಿನಂತಾಗುವ ಹಾಗಿದ್ದರೆ? ಹಾಗೆ ಬಾಗಿ ಮತ್ತೆ ತಲೆಯೆತ್ತಬಲ್ಲ ವಸ್ತುಗಳಲ್ಲಿ ಗಾಳಿಗೆ ಸಮನಾದುದು ಇನ್ನೊಂದಿಲ್ಲ. ಅದಕ್ಕೆ ತೂಕವೂ ಇಲ್ಲವೆನ್ನುವಷ್ಟು ಕಡಮೆ, ಬೆಲೆಯಂತೂ ಇಲ್ಲವೇ ಇಲ್ಲ. ಆದರೆ ಗಾಳಿಯನ್ನು ಚಕ್ರಕ್ಕೆ ಕಟ್ಟುವುದು ಹೇಗೆ?

1887ರ ಅಕ್ಟೋಬರ್ ತಿಂಗಳಲ್ಲಿ ಡನ್‌ಲಪ್ ತನ್ನ ಮನೆಯ ಅಂಗಳದಲ್ಲಿಯೇ ಪ್ರಯೋಗಕ್ಕೆ ತೊಡಗಿದನು. ಸುಮಾರು 16 ಅಂಗುಲ ಅಡ್ಡಗಲದ ಒಂದು ಮರದ ತಟ್ಟೆಯನ್ನು ಮಾಡಿದನು. ತೆಳುವಾದ ರಬ್ಬರ್ ಹಾಳೆಯನ್ನು ಅಂಟಿಸಿ ಕೊಳವೆಯಾಗಿ ಮಾಡಿ, ಅದನ್ನು ತಟ್ಟೆಯ ಅಂಚಿನ ಸುತ್ತ ಬಳಸಿದನು. ಅದರ ಮೇಲೆ ನಾರುಬಟ್ಟೆಯ ಪಟ್ಟಿಯನ್ನು ಹೊದಿಸಿ, ಪಟ್ಟಿಯನ್ನು ಮೊಳೆಗಳಿಂದ ಮರಕ್ಕೆ ಬಡಿದನು. ಕಾಲ್ಚೆಂಡಿಗೆ ಗಾಳಿ ತುಂಬುವ ಪಂಪಿನಿಂದ ಕೊಳವೆಗೆ ಗಾಳಿ ತುಂಬಿ ಬಾಯನ್ನು ಬಿಗಿಮಾಡಿದನು. ಅನಂತರ ಮಗನ ಸೈಕಲ್ಲಿನ ಗಟ್ಟಿ ರಬ್ಬರಿನ ಮುಂಗಾಲಿಯನ್ನು ಬಿಚ್ಚಿ ತಂದು ಅಂಗಳದಲ್ಲಿ ಉರುಳಿಸಿದನು. ಅದು ಅಂಗಳದ ಕೊನೆಯನ್ನು ಮುಟ್ಟದೆ ನಡುದಾರಿಯಲ್ಲಿಯೇ ಓಲಾಡಿ ಬಿದ್ದಿತು. ಈಗ ಗಾಳಿಯ ಗಾಲಿಯ ಸರದಿ. ಅಷ್ಟೇ ಬಲದಿಂದ ನೂಕಿದ ಆ ಮರದ ತಟ್ಟೆಯು ಅಂಗಳವನ್ನೆಲ್ಲ ದಾಟಿ, ಕೊನೆಯ ಬಾಗಿಲಿಗೆ ಬಡಿದು ಹಿಂದಕ್ಕೆ ಪುಟಿಯಿತು. ಯಾವ ಉಪಕರಣವೂ ಇಲ್ಲದೆ, ಯಾವ ಲೆಕ್ಕಾಚಾರವೂ ಇಲ್ಲದೆ, ಎರಡು ಚಕ್ರಗಳನ್ನು ನೆಲದ ಮೇಲೆ ಉರುಳಿಸಿ ನೋಡಿದ ಈ ಪರೀಕ್ಷೆಗಿಂತ ಸ್ಪಷ್ಟವಾದ ಪರೀಕ್ಷೆಯನ್ನು ಯಾವ ಪ್ರಯೋಗಶಾಲೆಯಲ್ಲಿಯೂ ಮಾಡಲಾಗುತ್ತಿರಲಿಲ್ಲ.

ಡನ್‌ಲಪ್ ಅಲ್ಲಿಗೆ ನಿಲ್ಲಲಿಲ್ಲ. ಸೈಕಲ್ಲಿನ ಎರಡು ಹಿಂಗಾಲಿಗಳಿಗೂ ಗಾಳಿಯ ಕೊಳವೆಗಳನ್ನು ಅಳವಡಿಸಿದನು. 1888ರ ಫೆಬ್ರವರಿ 28ರ ರಾತ್ರಿ, ಬೀದಿಯಲ್ಲಿ ಜನಸಂಚಾರ ನಿಂತ ಮೇಲೆ, ಬೆಳದಿಂಗಳಲ್ಲಿ ಜಾನಿಯು ಹೊಸ ಗಾಲಿಗಳ ಸೈಕಲ್ಲನ್ನೇರಿ ಹೊರಟನು. ಹೊಸತನ್ನು ಹಗಲಿನಲ್ಲಿ ಪರೀಕ್ಷಿಸಿ ನೆರೆಯವರ ನಗೆಗೆ ಗುರಿಯಾಗಲು ಆ ಸಂಕೋಚಶೀಲನಾದ ತಂದೆಗೆ ಬಹುಶಃ ಮನಸ್ಸಿರಲಿಲ್ಲ. ಮರುದಿನ ಬೆಳಗ್ಗೆ ಗಾಲಿಗಳನ್ನು ಪರೀಕ್ಷಿಸಿದಾಗ ಒಂದು ಗೀರೂ ಕಾಣಿಸಲಿಲ್ಲ. ಅದೇ ವರ್ಷದ ಜುಲೈ 23ರಂದು ಡನ್‌ಲಪ್ ತನ್ನ ಶೋಧಕ್ಕೆ ಪೇಟೆಂಟನ್ನು ಕೋರಿ ಅರ್ಜಿ ಸಲ್ಲಿಸಿದನು. ಡಿಸೆಂಬರ್ 7ರಂದು ಅದು ಮಂಜೂರಾಯಿತು. ಪೇಟೆಂಟೆಂದರೆ ಶೋಧಕನ ಅನುಮತಿಯಿಲ್ಲದೆ ಅವನ ಶೋಧವನ್ನು ಇತರರು ತಯಾರಿಸಿ ಮಾರದಂತೆ ಸರಕಾರವು ಕೊಡುವ ಹಕ್ಕು.

ಆದರೂ ಜನರಿಗೆ ನಂಬಿಕೆ ಬರಬೇಕಾಗಿತ್ತು. ಬೆಲ್‌ಫಾಸ್ಟಿನ ಸೈಕಲ್ ತಯಾರಕರಾದ ಎಡ್ಲಿನ್ ಸಂಸ್ಥೆಯವರು ಗಾಳಿಗಾಲಿಯ ಸೈಕಲ್ಲುಗಳನ್ನು ಕಟ್ಟತೊಡಗಿದರು. ವಿಲಿ ಹ್ಯೂಮ್ ಎಂಬ ತರುಣನು ಅವುಗಳಲ್ಲಿ ಒಂದನ್ನು ಕೊಂಡನು. ಅವನು ಒಳ್ಳೆಯ ಸವಾರನಾಗಿದ್ದರೂ ಆ ಕಾಲದ ಶ್ರೇಷ್ಠ ಪಂದ್ಯಪಟುಗಳ ಸಾಲಿಗೆ ಸೇರಿದವನಲ್ಲ. 1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟಕ್ಕೆ ಅವನು ಆ ಸೈಕಲ್ಲಿನೊಡನೆ ಬಂದಾಗ ಅದರ ದಪ್ಪನೆಯ ಗಾಲಿಗಳನ್ನು ಕಂಡು ನೋಟಕರು ನಕ್ಕರು. ಅಂದು ನಡೆದ ನಾಲ್ಕು ಸೈಕಲ್ ಪಂದ್ಯಗಳಲ್ಲಿ ನಾಲ್ಕನ್ನೂ ಹ್ಯೂಮನೇ ಗೆದ್ದನು. ಕೆಲವೇ ದಿನಗಳಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿಯೂ ಒಂದನ್ನುಳಿದು ಮಿಕ್ಕ ಪಂದ್ಯಗಳೆಲ್ಲ ಅವನವೇ ಆದವು. ನಗೆ ಅಡಗಿತು. ಗಟ್ಟಿ ರಬ್ಬರಿನ ಗಾಲಿಯುಳ್ಳವರು ಪಂದ್ಯಕ್ಕೆ ಬರುವುದೇ ವ್ಯರ್ಥವೆಂಬಂತಾಯಿತು.

ಈ ಗೆಲುವುಗಳ ಸುದ್ದಿಯನ್ನು ಗಮನಿಸಿದವರಲ್ಲಿ ಡಬ್ಲಿನ್ ನಗರದ ಹಾರ್ವೆ ಡು ಕ್ರಾಸ್ ಎಂಬ ವ್ಯಾಪಾರಿಯೂ ಒಬ್ಬನು. ಅವನು ಐರ್ಲೆಂಡಿನ ಸೈಕಲ್ ಸವಾರರ ಸಂಘದ ಅಧ್ಯಕ್ಷನಾಗಿದ್ದನು. ಅವನ ಮಕ್ಕಳೆಲ್ಲ ಪಂದ್ಯದ ಸವಾರರು. ಡನ್‌ಲಪ್ ತನ್ನ ಹಕ್ಕನ್ನು ಅವನ ಕೈಗೊಪ್ಪಿಸಿ, 1889ರ ನವೆಂಬರಿನಲ್ಲಿ ಸ್ಥಾಪಿತವಾದ ಹೊಸ ಕಂಪನಿಯಲ್ಲಿ ತಾನೂ ಪಾಲುದಾರನಾದನು. ಕಾರ್ಖಾನೆಯು ಡಬ್ಲಿನ್ನಿನಲ್ಲಿ ಪ್ರಾರಂಭವಾಯಿತು. ಆದರೆ ರಬ್ಬರಿನ ಮತ್ತು ಅದನ್ನು ಕರಗಿಸುವ ನ್ಯಾಫ್ತಾ ಎಣ್ಣೆಯ ದುರ್ವಾಸನೆಯನ್ನು ಸಹಿಸಲಾರದೆ ನಗರಸಭೆಯು ಆಕ್ಷೇಪವೆತ್ತಿತು. ಉದ್ಯಮವು ಐರ್ಲೆಂಡನ್ನು ಬಿಟ್ಟು ಇಂಗ್ಲೆಂಡಿನ ಕಾವೆಂಟ್ರಿಗೆ ಹೋಯಿತು. ಮೂಗು ಮುಚ್ಚಿಕೊಂಡು ಡಬ್ಲಿನ್ ನಗರವು ಕಳೆದುಕೊಂಡುದು ಸಾವಿರಾರು ಜನರ ಅನ್ನವನ್ನು.

ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಕಾದಿತ್ತು. 1890ರಲ್ಲಿ ಡನ್‌ಲಪ್‌ಗೆ ಒಂದು ಸುದ್ದಿ ಬಂದಿತು. ಗಾಳಿ ತುಂಬಿದ ಚಕ್ರದ ಕಲ್ಪನೆ ಹೊಸದಲ್ಲ. ಆದುದರಿಂದ ಅವನ ಪೇಟೆಂಟಿಗೆ ಬೆಲೆಯಿಲ್ಲ. ನಾಲ್ವತ್ತೈದು ವರ್ಷ ಹಿಂದೆ, 1845ರ ಡಿಸೆಂಬರಿನಲ್ಲಿ, ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇಪ್ಪತ್ತಮೂರು ವರ್ಷದ ಸ್ಕಾಟ್ಲೆಂಡಿನ ತರುಣನು ಇದಕ್ಕೇ ಪೇಟೆಂಟನ್ನು ಪಡೆದಿದ್ದನು. ರಬ್ಬರ್ ಹೊಯ್ದ ಬಟ್ಟೆಯ ಕೊಳವೆಗೆ ಚರ್ಮದ ಹೊದಿಕೆ ಹಾಕಿ, ಅದನ್ನು ಕುದುರೆಗಾಡಿಯ ಚಕ್ರಕ್ಕೆ ತಿರುಪುಗಳಿಂದ ಬಿಗಿದು, 1847ರಲ್ಲಿ ಲಂಡನ್ನಿನ ರೀಜೆಂಟ್ ಉದ್ಯಾನದಲ್ಲಿ ಓಡಿಸಿ ತೋರಿಸಿದ್ದನು. ಅಂಥ ಒಂದು ಜೊತೆ ಗಾಲಿ 1,200 ಮೈಲಿ ಓಡಿತ್ತು. ಆದರೆ ಅಂದಿಗೆ ಸೈಕಲ್ಲೂ ಇರಲಿಲ್ಲ, ಮೋಟಾರೂ ಇರಲಿಲ್ಲ. ಚಾರ್ಲ್ಸ್ ಗುಡ್‌ಇಯರ್ ಗಂಧಕದೊಡನೆ ರಬ್ಬರನ್ನು ಕಾಯಿಸಿ ಅದನ್ನು ಚಳಿ-ಬಿಸಿಲುಗಳಿಗೆ ಜಗ್ಗದಂತೆ ಮಾಡುವ ಕ್ರಮವನ್ನು ಕಂಡುಹಿಡಿದು ಕೆಲವೇ ವರ್ಷಗಳಾಗಿದ್ದವು. ಒಳ್ಳೆಯ ತೆಳುರಬ್ಬರು ದುರ್ಲಭವಾಗಿತ್ತು. ಥಾಮ್ಸನ್ನನ ಚಕ್ರವನ್ನು ಲೋಕ ಮರೆತಿತು. ಅವನು 1873ರಲ್ಲಿ ತೀರಿಕೊಂಡನು. ಅವನು ವಿದೇಶದಿಂದ ಹಿಂದಿರುಗಿ 1862ರಲ್ಲಿ ನೆಲೆಸಿದುದು ಎಡಿನ್‌ಬರೋ ನಗರದಲ್ಲಿ. ತರುಣ ಡನ್‌ಲಪ್ ಆಗ ಅದೇ ಊರಿನಲ್ಲಿ ಕುದುರೆಗಳಿಗೆ ಮದ್ದು ಕೊಡುತ್ತಿದ್ದನು. ಗಾಳಿಗಾಲಿಯನ್ನು ಒಮ್ಮೆ ಕಂಡುಹಿಡಿದವನೂ ಮತ್ತೊಮ್ಮೆ ಕಂಡುಹಿಡಿಯಲಿದ್ದವನೂ ಕೆಲವು ವರ್ಷ ಒಂದೇ ನಗರದ ಬೀದಿಗಳಲ್ಲಿ ತಿರುಗಾಡಿದ್ದರು.

ಥಾಮ್ಸನ್ನನ ಶೋಧದ ಸಂಗತಿ ಡನ್‌ಲಪ್‌ಗೆ ತಿಳಿದಿರಲಿಲ್ಲ. ಅವನ ಪ್ರಾಮಾಣಿಕತೆಯನ್ನು ಶಂಕಿಸಲು ಕಾರಣವಿಲ್ಲ. ಆದರೆ ಕಾನೂನು ಕೇಳುವುದು ಮೊದಲು ಯಾರು ಎಂಬುದನ್ನು ಮಾತ್ರ. ಈಗ ಯಾರು ಬೇಕಾದರೂ ಗಾಳಿಗಾಲಿಯನ್ನು ತಯಾರಿಸಬಹುದಾಗಿತ್ತು. ಕಂಪನಿಯೇ ಮುಳುಗಬೇಕಾದ ಆ ಸಂದರ್ಭದಲ್ಲಿ ಅದನ್ನು ಉಳಿಸಿದುದು ಡು ಕ್ರಾಸನ ದೂರದೃಷ್ಟಿ. ಗಾಲಿಗೆ ಗಾಳಿ ತುಂಬುವುದಕ್ಕಿಂತ, ಗಾಳಿ ಹೋದಾಗ ಗಾಲಿಯನ್ನು ಬಿಚ್ಚುವುದು ಹೇಗೆಂಬುದೇ ಮುಂದಿನ ಪ್ರಶ್ನೆಯಾಗುತ್ತದೆ ಎಂಬುದನ್ನು ಅವನು ಗ್ರಹಿಸಿದನು.

ಡನ್‌ಲಪ್‌ನ ಗಾಲಿಯ ದೊಡ್ಡ ಕೊರತೆ ಅದೇ ಆಗಿತ್ತು. ಅವನು ಕೊಳವೆಯನ್ನೂ ಹೊದಿಕೆಯನ್ನೂ ಚಕ್ರಕ್ಕೆ ಅಂಟಿನಿಂದ ಭದ್ರವಾಗಿ ಅಂಟಿಸಿಬಿಡುತ್ತಿದ್ದನು. ದಾರಿಯಲ್ಲಿ ಒಂದು ಮೊಳೆ ಚುಚ್ಚಿದರೆ ಎಲ್ಲವನ್ನೂ ಕಿತ್ತು, ತೂತನ್ನು ಮುಚ್ಚಿ, ಮತ್ತೆ ಅಂಟಿಸಿ ಒಣಗಲು ಬಿಡಬೇಕಾಗಿತ್ತು. ಫ್ರಾನ್ಸಿನ ಕ್ಲೆರ್ಮಾನ್ ಫೆರಾನ್ ಎಂಬ ಊರಿನ ರಬ್ಬರ್ ಕಾರ್ಖಾನೆಗೆ 1889ರಲ್ಲಿ ಒಬ್ಬ ಸವಾರನು ಇಂಥ ಸೈಕಲ್ಲನ್ನು ತಂದನು. ಅದನ್ನು ಸರಿಪಡಿಸಲು ಮೂರು ಗಂಟೆ ಹಿಡಿಯಿತು. ಅಂಟು ಆರಲು ಒಂದು ರಾತ್ರಿ ಬೇಕಾಯಿತು. ಬೆಳಗ್ಗೆ ಆ ಕಾರ್ಖಾನೆಯ ಎಡ್ವಾರ್ ಮಿಶೆಲಿನ್ ಅದನ್ನೇರಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಳಿ ಮತ್ತೆ ಹೋಯಿತು. ಅಷ್ಟು ಸಾಕಾಯಿತು ಅವನಿಗೆ. ಎಡ್ವಾರನೂ ಅವನ ಅಣ್ಣ ಆಂದ್ರೆಯೂ ಸೇರಿ ಸುಲಭವಾಗಿ ಬಿಚ್ಚಿ ಹಾಕಬಹುದಾದ ಟೈರನ್ನು 1891ರಲ್ಲಿ ತಯಾರಿಸಿದರು. ಆ ವರ್ಷವೇ ಪ್ಯಾರಿಸ್ಸಿನಿಂದ ಬ್ರೆಸ್ತ್‌ಗೆ ಹೋಗಿ ಹಿಂದಿರುಗುವ ದೀರ್ಘ ಪಂದ್ಯವನ್ನು ಶಾರ್ಲ್ ತೆರಾನ್ ಆ ಟೈರುಗಳ ಮೇಲೆ ಗೆದ್ದನು.

ಇತ್ತ ಡು ಕ್ರಾಸನು ಎರಡು ಪೇಟೆಂಟುಗಳನ್ನು ಕೊಂಡನು. ಒಂದು ಬಾರ್ಟ್ಲೆಟ್ ಎಂಬವನದು. ಇನ್ನೊಂದು ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಎಂಬವನದು. ಎರಡೂ 1890ರವು. ವೆಲ್ಚನ ಉಪಾಯವನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ಏಕೆಂದರೆ ಕಾರಿನ ಟೈರು ಚಕ್ರದ ಮೇಲೆ ನಿಲ್ಲುವುದು ಇಂದಿಗೂ ಅದರಿಂದಲೇ. ಅವನು ಹೊರ ಟೈರಿನ ಎರಡು ಅಂಚುಗಳಲ್ಲಿಯೂ ಹಿಗ್ಗದಿರುವ ತಂತಿಯ ಬಳೆಗಳನ್ನು ಹುದುಗಿಸಿದನು. ಚಕ್ರದ ರಿಮ್ಮಿನ ನಡುವೆ ಸುತ್ತಲೂ ಒಂದು ತಗ್ಗನ್ನು ಮಾಡಿದನು. ಗಾಳಿ ತುಂಬಿದಾಗ ತಂತಿಯ ಅಂಚುಗಳು ರಿಮ್ಮಿನ ಎರಡು ಕಡೆಗೆ ಒತ್ತಿ ಕುಳಿತುಕೊಳ್ಳುತ್ತವೆ. ತಂತಿಯ ಬಳೆಯು ರಿಮ್ಮಿನ ಅಂಚಿಗಿಂತ ಕಿರಿದಾದುದರಿಂದ ಟೈರು ಕಳಚಿಬರಲಾರದು. ಗಾಳಿಯನ್ನು ಬಿಟ್ಟು, ಅಂಚಿನ ಒಂದು ಭಾಗವನ್ನು ನಡುವಿನ ತಗ್ಗಿಗೆ ತಳ್ಳಿದರೆ ಎದುರು ಭಾಗದಲ್ಲಿ ಅಷ್ಟು ಸಡಿಲ ದೊರಕುತ್ತದೆ; ಅಲ್ಲಿ ಮೀಟುಗೋಲನ್ನು ತೂರಿಸಿ ಟೈರನ್ನು ಎತ್ತಬಹುದು. ಪಂಕ್ಚರ್ ಅಂಗಡಿಯಲ್ಲಿ ಕೆಲಸಗಾರನು ಒಂದು ಬದಿಯನ್ನು ಕಾಲಿನಿಂದ ತುಳಿದು ಇನ್ನೊಂದು ಬದಿಯನ್ನು ಕಬ್ಬಿಣದ ಪಟ್ಟಿಯಿಂದ ಎಬ್ಬಿಸುವುದನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ.

ಸೈಕಲ್ಲನ್ನು ಹಿಂಬಾಲಿಸಿ ಮೋಟಾರು ಬಂದಿತು. 1895ರಲ್ಲಿ ಮಿಶೆಲಿನ್ ಸಹೋದರರು ಗಾಳಿಟೈರುಗಳನ್ನು ತೊಡಿಸಿದ ಕಾರೊಂದನ್ನು ಪ್ಯಾರಿಸ್-ಬೋರ್ಡೋ-ಪ್ಯಾರಿಸ್ ಪಂದ್ಯದಲ್ಲಿ ತಾವೇ ಓಡಿಸಿದರು. ದಾರಿಯುದ್ದಕ್ಕೂ ಪಂಕ್ಚರುಗಳು, ಟ್ಯೂಬು ಬದಲಿಸುವುದೇ ಅವರ ಕೆಲಸವಾಯಿತು. ಗೊತ್ತುಪಡಿಸಿದ ಅವಧಿಯನ್ನು ಮೀರಿ ಪ್ಯಾರಿಸ್ಸನ್ನು ತಲಪಿದರೂ ಗಾಳಿಯ ಮೇಲೆ ಕಾರು ನಡೆಯಬಲ್ಲದೆಂಬುದನ್ನು ಅವರು ತೋರಿಸಿಕೊಟ್ಟರು. ಡನ್‌ಲಪ್ ಕಂಪನಿಯು 1900ರಲ್ಲಿ ಮೋಟಾರು ಟೈರುಗಳ ತಯಾರಿಕೆಗೆ ಕೈಹಾಕಿತು. ಮುಂದೆ ಮಸಿಯನ್ನು ಬೆರೆಸಿ ರಬ್ಬರನ್ನು ಗಟ್ಟಿಮಾಡುವುದನ್ನು ಕಂಡುಹಿಡಿದರು. ಅದುವರೆಗೆ ಬಿಳುಪಾಗಿದ್ದ ಟೈರು ಕಪ್ಪಾಯಿತು. ಅಡ್ಡನೇಯ್ಗೆಯ ಬಟ್ಟೆಯ ಬದಲು ಒಂದೇ ದಿಕ್ಕಿನ ಹುರಿಗಳು ಬಂದವು. ಎರಡನೆಯ ಮಹಾಯುದ್ಧದ ಅನಂತರ ರೇಡಿಯಲ್ ಟೈರೂ ಟ್ಯೂಬಿಲ್ಲದ ಟೈರೂ ಬಂದವು. ಒಳಗಿನ ಗಾಳಿ ಮಾತ್ರ ಅದೇ.

ಕಾರಿನ ಭಾರವನ್ನು ಹೊರುವುದು ರಬ್ಬರಲ್ಲ, ಆ ಗಾಳಿ. ಇದಕ್ಕೆ ಒಂದು ಸರಳ ಲೆಕ್ಕವಿದೆ. ಪ್ರಯಾಣಿಕರೂ ಸೇರಿ 900 ಕಿಲೋಗ್ರಾಂ ತೂಗುವ ಒಂದು ಸಣ್ಣ ಕಾರಿದೆ ಎನ್ನೋಣ. ಅದರ ಟೈರುಗಳಲ್ಲಿ ಚದರ ಅಂಗುಲಕ್ಕೆ 30 ಪೌಂಡಿನಂತೆ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋಗ್ರಾಂನಂತೆ ಒತ್ತಡವಿದೆ. 900ನ್ನು 2.1ರಿಂದ ಭಾಗಿಸಿದರೆ ಸುಮಾರು 430 ಚದರ ಸೆಂಟಿಮೀಟರು. ಇಷ್ಟು ಜಾಗದಲ್ಲಿ ನಾಲ್ಕು ಟೈರುಗಳು ನೆಲವನ್ನು ಮುಟ್ಟುತ್ತವೆ. ಒಂದೊಂದಕ್ಕೆ ಹೆಚ್ಚುಕಡಮೆ ಒಂದು ಅಂಗೈಯಗಲ. ಓಟ, ತಿರುವು, ನಿಲುಗಡೆ ಎಲ್ಲವೂ ಈ ನಾಲ್ಕು ಅಂಗೈಗಳನ್ನೇ ನಂಬಿವೆ. ಗಾಳಿ ಕಡಮೆಯಾದರೆ ಅದೇ ಭಾರವನ್ನು ಹೊರಲು ಹೆಚ್ಚು ಜಾಗ ನೆಲಕ್ಕೆ ತಾಗಬೇಕಾಗುತ್ತದೆ; ಟೈರಿನ ಪಕ್ಕೆಗಳು ಸುತ್ತುಸುತ್ತಿಗೂ ಮಡಿದು ಬಿಚ್ಚಿ ಕಾವೇರುತ್ತವೆ; ಎರಡು ಅಂಚುಗಳು ಬೇಗ ಸವೆಯುತ್ತವೆ. ಕಾವು ಮಿತಿಮೀರಿದಾಗ ಟೈರು ದಾರಿಯಲ್ಲಿ ಸಿಡಿಯುವುದೂ ಉಂಟು. ಗಾಳಿ ಅತಿಯಾದರೆ ನಡುಭಾಗ ಮಾತ್ರ ನೆಲಕ್ಕೆ ತಾಗಿ ಅಲ್ಲಿಯೇ ಸವೆಯುತ್ತದೆ. ಡನ್‌ಲಪ್ ಯಾವ ಕುಲುಕಾಟವನ್ನು ಹೋಗಲಾಡಿಸಲು ಶ್ರಮಿಸಿದನೋ ಆ ಕುಲುಕಾಟವೇ ಹಿಂದಿರುಗುತ್ತದೆ.

ಆದುದರಿಂದ ಟೈರಿನ ಪಾಲನೆಯಲ್ಲಿ ಮೊದಲನೆಯದು ಗಾಳಿಯನ್ನು ಅಳೆಯುವುದು. ಅದನ್ನು ಟೈರು ತಣ್ಣಗಿರುವಾಗಲೇ ಅಳೆಯಬೇಕು. ಓಡಿ ಬಂದ ಟೈರಿನೊಳಗೆ ಗಾಳಿ ಕಾದು ಒತ್ತಡ ಏರಿರುತ್ತದೆ; ಆಗ ಸರಿಯೆಂದು ಕಂಡದ್ದು ತಣಿದ ಮೇಲೆ ಕಡಮೆಯಾಗುತ್ತದೆ. ಟೈರಿನ ಮೈಮೇಲಿನ ಗೀರುಗಳು ಅಲಂಕಾರಕ್ಕಾಗಿ ಇರುವುವಲ್ಲ. ಮಳೆಯ ನೀರು ಅವುಗಳ ಮೂಲಕ ಹೊರಕ್ಕೆ ಹರಿದು ರಬ್ಬರು ನೆಲವನ್ನು ಮುಟ್ಟುತ್ತದೆ. ಗೀರಿನ ಆಳ 1.6 ಮಿಲಿಮೀಟರಿಗೆ ಇಳಿದರೆ ಟೈರನ್ನು ಬದಲಿಸಲೇಬೇಕು. ಅದನ್ನು ಸೂಚಿಸುವ ಸಣ್ಣ ಉಬ್ಬುಗಳನ್ನು ತಯಾರಕರು ಗೀರಿನ ತಳದಲ್ಲಿಯೇ ಇಟ್ಟಿರುತ್ತಾರೆ. ಮುಂದಿನ ಗಾಲಿಗಳಿಂದ ನಡೆಯುವ ಸಣ್ಣ ಕಾರುಗಳಲ್ಲಿ ಮುಂದಿನ ಟೈರುಗಳು ಬೇಗ ಸವೆಯುವುದರಿಂದ, ಆಗಾಗ ಹಿಂದಿನವನ್ನು ಮುಂದಕ್ಕೂ ಮುಂದಿನವನ್ನು ಹಿಂದಕ್ಕೂ ಹಾಕಿಸುವುದು ವಾಡಿಕೆ.

ದಾರಿಯಲ್ಲಿ ಗಾಳಿ ಹೋದಾಗ ಬದಲಿಸುವುದು ಟೈರನ್ನಲ್ಲ, ಇಡೀ ಗಾಲಿಯನ್ನು. ಈ ಅನುಕೂಲವೂ ತಾನಾಗಿ ಬಂದುದಲ್ಲ. ಮೊದಮೊದಲು ಕಾರುಗಳಿಗೆ ಹೆಚ್ಚಿನ ಗಾಲಿ ಇರುತ್ತಿರಲಿಲ್ಲ. ಒಡೆಯನು ರಸ್ತೆಯ ಬದಿಯಲ್ಲಿ ಕುಳಿತು ಟ್ಯೂಬನ್ನು ತೆಗೆದು ತೇಪೆ ಹಾಕಬೇಕಾಗಿತ್ತು. 1904ರಲ್ಲಿ ವೇಲ್ಸ್ ಪ್ರಾಂತದ ಲ್ಯಾನೆಲಿ ಎಂಬ ಪಟ್ಟಣದ ಡೇವಿಸ್ ಸಹೋದರರು ಗಾಳಿ ತುಂಬಿ ಸಿದ್ಧವಾಗಿಟ್ಟ ಹೆಚ್ಚುವರಿ ಗಾಲಿಯೊಂದನ್ನು ತಯಾರಿಸಿದರು. ಅವರ ಅಂಗಡಿ ಇದ್ದುದು ಆ ಊರಿನ ಸ್ಟೆಪ್ನಿ ಬೀದಿಯಲ್ಲಿ. ಬೀದಿಯ ಹೆಸರೇ ಗಾಲಿಯ ಹೆಸರಾಯಿತು. ಅಲ್ಲಿ ಆ ಹೆಸರು ಬಳಕೆ ತಪ್ಪಿದರೂ ನಮ್ಮ ಚಾಲಕರ ಬಾಯಲ್ಲಿ ಸ್ಟೆಪ್ನಿ ಇಂದಿಗೂ ಸ್ಟೆಪ್ನಿಯೇ. ಅದನ್ನು ಹಾಕುವ ಕ್ರಮದಲ್ಲಿ ತಿಳಿಯಬೇಕಾದ ಸೂಕ್ಷ್ಮಗಳು ಕೆಲವಿವೆ. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಕೈಬ್ರೇಕು ಹಾಕಿ, ಬೇರೆ ಗಾಲಿಗೆ ಕಲ್ಲಿನ ಆಸರೆ ಕೊಟ್ಟ ಮೇಲೆ, ಗಾಲಿಯು ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಬೇಕು. ಜಾಕಿನಿಂದ ಎತ್ತಿದ ಮೇಲೆ ಸಡಿಲಿಸಹೊರಟರೆ ಗಾಲಿಯೇ ತಿರುಗತೊಡಗುತ್ತದೆ, ಕಾರೂ ಜಾಕಿನಿಂದ ಜಾರಬಹುದು. ಜಾಕಿನ ಮೇಲಿರುವ ಕಾರಿನ ಅಡಿಗೆ ಯಾವ ಕಾರಣಕ್ಕೂ ಮೈಯೊಡ್ಡಬಾರದು. ಹೊಸ ಗಾಲಿಯ ನಟ್ಟುಗಳನ್ನು ಒಂದರ ಬಳಿಕ ಅದರ ಎದುರಿನದು ಎಂಬಂತೆ ಬಿಗಿಯುತ್ತ ಬಂದರೆ ಗಾಲಿಯು ಓರೆಯಾಗದೆ ಕುಳಿತುಕೊಳ್ಳುತ್ತದೆ. ಕೆಳಗಿಳಿಸಿದ ಮೇಲೆ ಮತ್ತೊಮ್ಮೆ ಪೂರ್ತಿ ಬಿಗಿಯಬೇಕು. ಇಷ್ಟೆಲ್ಲ ಮಾಡಿಯೂ ಸ್ಟೆಪ್ನಿಯಲ್ಲಿಯೇ ಗಾಳಿ ಇಲ್ಲದಿದ್ದರೆ ಶ್ರಮವೆಲ್ಲ ವ್ಯರ್ಥ. ಕಣ್ಣಿಗೆ ಬೀಳದ ಐದನೆಯ ಗಾಲಿಯನ್ನು ಮರೆಯುವವರೇ ಹೆಚ್ಚು.

ಟೈರಿನ ಈ ಏಳಿಗೆಯ ಇನ್ನೊಂದು ಮುಖವು ಸುಖಕರವಾದುದಲ್ಲ. 1890ರ ಬಳಿಕ ಲೋಕದಲ್ಲಿ ರಬ್ಬರಿನ ಹಸಿವು ಒಮ್ಮೆಲೇ ಹೆಚ್ಚಿತು. ಆಗಿನ್ನೂ ರಬ್ಬರಿನ ತೋಟಗಳು ಬೆಳೆದಿರಲಿಲ್ಲ. ಕಾಡಿನ ಮರಬಳ್ಳಿಗಳಿಂದ ಹಾಲನ್ನು ಇಳಿಸಬೇಕಾಗಿತ್ತು. ಆಫ್ರಿಕದ ಕಾಂಗೋ ಪ್ರದೇಶವನ್ನು ತನ್ನ ಸ್ವಂತ ಆಸ್ತಿಯಂತೆ ಆಳುತ್ತಿದ್ದ ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡನ ಅಧಿಕಾರಿಗಳು, ಗೊತ್ತುಪಡಿಸಿದಷ್ಟು ರಬ್ಬರನ್ನು ತಾರದ ಹಳ್ಳಿಗರನ್ನು ಹೊಡೆದರು, ಕೊಂದರು, ಕೈ ಕಡಿದರು. ಬ್ರಿಟಿಷ್ ಅಧಿಕಾರಿ ರೋಜರ್ ಕೇಸ್ಮೆಂಟನ ವರದಿ 1904ರಲ್ಲಿ ಪ್ರಕಟವಾದಾಗ ಲೋಕಕ್ಕೆ ಇದರ ಘೋರತೆ ತಿಳಿಯಿತು. 1908ರಲ್ಲಿ ಲಿಯೊಪೋಲ್ಡನು ಆ ನಾಡನ್ನು ಬಿಟ್ಟುಕೊಡಬೇಕಾಯಿತು. ಮಗನ ಸೈಕಲ್ಲು ಕುಲುಕದಿರಲೆಂದು ಅಂಗಳದಲ್ಲಿ ಮರದ ತಟ್ಟೆಯನ್ನು ಉರುಳಿಸಿದ ತಂದೆಗೆ ಇದರ ಹೊಣೆಯನ್ನು ಹೊರಿಸುವುದು ನ್ಯಾಯವಲ್ಲ. ಆದರೆ ಯೂರೋಪಿನ ಬೀದಿಗಳಲ್ಲಿ ಸವಾರರಿಗೆ ದೊರೆತ ಸುಖಕ್ಕೆ ಕಾಂಗೋ ನದಿಯ ದಡದ ಜನರು ತೆತ್ತ ಬೆಲೆಯನ್ನು ಟೈರಿನ ಚರಿತ್ರೆಯಿಂದ ಅಳಿಸುವಂತಿಲ್ಲ.

ಡನ್‌ಲಪ್ ಅಷ್ಟು ಹೊತ್ತಿಗೆ ಟೈರಿನ ವ್ಯಾಪಾರದಿಂದ ದೂರ ಸರಿದಿದ್ದನು. ಡು ಕ್ರಾಸನದು ಚುರುಕು ವ್ಯಾಪಾರಿಯ ಮನಸ್ಸು. ಡನ್‌ಲಪ್‌ನದು ನಿಧಾನವಾಗಿ ಅಳೆದು ತೂಗುವ ಮನಸ್ಸು. ಅವರಿಬ್ಬರ ನಡುವೆ ಹೊಂದಿಕೆಯಾಗಲಿಲ್ಲ. 1895ರಲ್ಲಿ ಅವನು ಕಂಪನಿಯನ್ನು ಬಿಟ್ಟನು. ಮರುವರ್ಷವೇ ಟೆರಾ ಹೂಲಿ ಎಂಬ ಹಣಗಾರನು ಆ ಉದ್ಯಮವನ್ನು 30 ಲಕ್ಷ ಪೌಂಡುಗಳಿಗೆ ಕೊಂಡು, 50 ಲಕ್ಷ ಪೌಂಡುಗಳ ಬಂಡವಾಳದ ಹೊಸ ಕಂಪನಿಯಾಗಿ ಮಾರಿದನು. ಆ ಕಂಪನಿಗೆ ಇಟ್ಟ ಹೆಸರು ಡನ್‌ಲಪ್ ಎಂದು. ಮನುಷ್ಯನು ಹೊರನಡೆದ ಮೇಲೆ ಅವನ ಹೆಸರು ಒಳಗೆ ಬಂದಿತು. ಮುಂದೆ ಅದು ದೇಶದೇಶಗಳಿಗೆ ಹಬ್ಬಿತು. 1936ರಲ್ಲಿ ಬಂಗಾಳದ ಹೂಗ್ಲಿ ನದಿಯ ದಡದ ಸಾಹಾಗಂಜಿನಲ್ಲಿಯೂ ಡನ್‌ಲಪ್ ಹೆಸರಿನ ಕಾರ್ಖಾನೆಯೊಂದು ಎದ್ದಿತು. ಆದರೆ ಲಕ್ಷಾಂತರ ಪೌಂಡುಗಳ ಆ ವ್ಯವಹಾರದಲ್ಲಿ ಡನ್‌ಲಪ್‌ಗೆ ದೊಡ್ಡ ಸಂಪತ್ತೇನೂ ದಕ್ಕಲಿಲ್ಲ.

ಅವನು ಡಬ್ಲಿನ್ನಿನಲ್ಲಿ ನೆಲೆಸಿ, ಒಂದು ಬಟ್ಟೆಯಂಗಡಿಯಲ್ಲಿ ಪಾಲು ಹೊಂದಿ, ಶಾಂತವಾಗಿ ದಿನ ಕಳೆಯುತ್ತಿದ್ದನು. ಸಂಪತ್ತಿನ ವಿಷಯದಲ್ಲಿ ಜಗಳವಾಡದ ಆ ವೃದ್ಧನು ಕೊನೆಗಾಲದಲ್ಲಿ ನ್ಯಾಯಾಲಯದ ಮೆಟ್ಟಲನ್ನು ಹತ್ತಿದುದು ಬೇರೊಂದು ಕಾರಣಕ್ಕೆ. ತನ್ನ ಗಡ್ಡದ ಮುಖದ ಚಿತ್ರವನ್ನು ಕಂಪನಿಯು ಗುರುತಾಗಿ ಬಳಸಲು ಅವನು ಹಿಂದೆಯೇ ಒಪ್ಪಿದ್ದನು. ಆದರೆ ಕಂಪನಿಯ ಜಾಹೀರಾತುಗಳು ಆ ಮುಖವನ್ನು ಎತ್ತರದ ಷೋಕಿಲಾಲನ ದೇಹಕ್ಕೆ ಅಂಟಿಸಿ, ತಲೆಗೆ ಎತ್ತರದ ಟೊಪ್ಪಿಗೆಯನ್ನೂ ಕೈಗೆ ಬೆತ್ತವನ್ನೂ ಕೊಟ್ಟು ತೋರಿಸತೊಡಗಿದವು. ಜೀವನವೆಲ್ಲ ಸರಳ ಉಡುಪಿನಲ್ಲಿ, ಜನರ ಕಣ್ಣು ತಪ್ಪಿಸಿ ನಡೆದವನಿಗೆ ಇದು ಸಹಿಸಲಾರದ ಅಪಮಾನವಾಯಿತು. ತನ್ನ ಹೆಸರಿನದೇ ಕಂಪನಿಯ ವಿರುದ್ಧ ಅವನು ದಾವೆ ಹೂಡಿದನು. ಆ ವ್ಯಾಜ್ಯವು ಲಂಡನ್ನಿನ ಲಾರ್ಡ್ಸ್ ಸಭೆಯವರೆಗೂ ಹೋಯಿತು.

1921ರ ಅಕ್ಟೋಬರ್ 23ರಂದು ಡನ್‌ಲಪ್ ಡಬ್ಲಿನ್ನಿನ ಬಾಲ್ಸ್‌ಬ್ರಿಜ್ ಬಡಾವಣೆಯ ತನ್ನ ಮನೆಯಲ್ಲಿ ನಿಧನನಾದನು. ಡೀನ್ಸ್‌ಗ್ರೇಂಜ್ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ತನ್ನ ಶೋಧದ ವೃತ್ತಾಂತವನ್ನು ಅವನೇ ಬರೆದಿಟ್ಟಿದ್ದನು. ಅಂಗಳದಲ್ಲಿ ಗಾಲಿಗಳನ್ನು ಉರುಳಿಸಿದ ದಿನದ ವಿವರಗಳು ನಮಗೆ ದೊರೆತಿರುವುದು ಆ ಬರವಣಿಗೆಯಿಂದ. ಅವನ ಮರಣದ ಅನಂತರ ಮಗಳು ಜೀನ್ ಅದನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದಳು.